ಸ್ಟೋರೇಜ್ ಹೀಟರೂ ಕಾರೂ ಒಂದೇ ಮನೆಯಲ್ಲಿ: ಬ್ರಿಟನ್ನಿನ ರಾತ್ರಿ ಕರೆಂಟಿನ ದರ ಹೋಲಿಸುವುದು ಹೇಗೆ?

ಇಂಗ್ಲೆಂಡಿಗೆ ಬಂದ ಮೊದಲ ಚಳಿಗಾಲ. ನಮ್ಮ ಬಾಡಿಗೆ ಫ್ಲಾಟಿನ ಗೋಡೆಯಲ್ಲಿ ಒಂದು ದಪ್ಪ ಬಿಳಿ ಪೆಟ್ಟಿಗೆ ಇತ್ತು. ನಡುರಾತ್ರಿ ಟಕ್ ಅಂತ ಒಂದು ಸದ್ದು. ಆಮೇಲೆ ಬೆಳಗಿನವರೆಗೆ ಸಣ್ಣಗೆ ಚಿಟಿಚಿಟಿ. ಏಳುವ ಹೊತ್ತಿಗೆ ಮನೆ ಕಾದ ಕಾವಲಿ. ಸಂಜೆ ಕೆಲಸ ಮುಗಿಸಿ ಬಂದರೆ ಪೂರ್ತಿ ತಣ್ಣಗೆ. ಇದೆಂಥ ಹೀಟರು, ಬೇಕಾದಾಗ ಬಿಸಿಯೇ ಇರಲ್ಲ ಅಂತ ಫೋನಿನಲ್ಲಿ ಗೊಣಗಿದೆ. ಅಮ್ಮ ಎಲ್ಲ ಕೇಳಿಸಿಕೊಂಡು, "ಬಚ್ಚಲೊಲೆ ಇದ್ದ ಹಾಗೆ ಅನ್ನು. ಉರಿ ಹಾಕೋದು ಒಂದು ಹೊತ್ತು, ಕಾವು ಸಿಗೋದು ಇನ್ನೊಂದು ಹೊತ್ತು" ಅಂದರು.

ಸ್ಟೋರೇಜ್ ಹೀಟರ್ ಅಂದರೆ ಅಷ್ಟೇ. ಒಳಗೆ ಭಾರದ ಇಟ್ಟಿಗೆಗಳು. ರಾತ್ರಿ ಕರೆಂಟು ಅಗ್ಗವಿದ್ದಾಗ ಅವು ಕಾಯುತ್ತವೆ, ಹಗಲೆಲ್ಲ ನಿಧಾನವಾಗಿ ಕಾವು ಬಿಡುತ್ತವೆ. ಇದಕ್ಕೆಂದೇ ಬ್ರಿಟನ್ನಿನಲ್ಲಿ 1978ರಲ್ಲಿ ಎಕಾನಮಿ 7 ಅನ್ನುವ ದರ ಬಂತು. ರಾತ್ರಿ 7 ಗಂಟೆ ಕಾಲ ಅಗ್ಗ, ಉಳಿದ 17 ಗಂಟೆ ತುಸು ದುಬಾರಿ. ದೊಡ್ಡ ವಿದ್ಯುತ್ ಸ್ಥಾವರಗಳನ್ನು ರಾತ್ರಿ ಆರಿಸಿ ಬೆಳಿಗ್ಗೆ ಹಚ್ಚುವುದು ಕಷ್ಟ, ರಾತ್ರಿ ಕರೆಂಟಿಗೆ ಗಿರಾಕಿಯೂ ಕಡಿಮೆ. ನಮ್ಮ ಕಡೆ ರಾತ್ರಿ ತ್ರೀ ಫೇಸ್ ಕೊಟ್ಟು ರೈತರನ್ನು ಪಂಪ್‌ಸೆಟ್ಟಿನ ಹತ್ತಿರ ಓಡಿಸುತ್ತಾರಲ್ಲ, ಕಾರಣ ಹೆಚ್ಚುಕಮ್ಮಿ ಅದೇ ಜಾತಿಯದು. ಇಲ್ಲಿ ಎದ್ದು ಹೋಗಬೇಕಾಗಿಲ್ಲ, ಅಷ್ಟೇ ವ್ಯತ್ಯಾಸ.

ಈಗ ನಮ್ಮದು ಗ್ಯಾಸ್ ಲೈನಿಲ್ಲದ ಮನೆ. ಹೀಟರ್ ಎರಡು, ಬಿಸಿನೀರಿಗೆ ಇಮ್ಮರ್ಷನ್ ಟ್ಯಾಂಕು, ಬಾಗಿಲ ಮುಂದೆ ಎಲೆಕ್ಟ್ರಿಕ್ ಕಾರು. ಕಾರು ಬಂದ ವಾರವೇ ಗೆಳೆಯರು ಶುರು ಮಾಡಿದರು: "ಕಾರಿನವರ ದರದಲ್ಲಿ ರಾತ್ರಿ ಯೂನಿಟ್ಟಿಗೆ 8 ಪೆನ್ಸ್ ಕಣೋ, ಇನ್ನೂ ಎಕಾನಮಿ 7ರಲ್ಲೇ ಇದ್ದೀಯಾ?" ಆ 8 ಪೆನ್ಸ್ ಒಂದನ್ನೇ ನೋಡಿ ಹಾರಿದವರು ಚಳಿಗಾಲದ ಬಿಲ್ಲು ನೋಡಿ ಬೆಚ್ಚಿದ್ದನ್ನೂ ನೋಡಿದ್ದೇನೆ. ಕಾರಿಗೂ ಹೀಟರಿಗೂ ಬೇಕಾದ್ದು ಬೇರೆ ಬೇರೆ. ಕಾರಿಗೆ ಕೆಲವೇ ಗಂಟೆ ಸಾಕು, ಯಾವ ಗಂಟೆಯಾದರೂ ಆಗುತ್ತದೆ. ಹೀಟರಿಗೆ ಉದ್ದನೆಯ ರಾತ್ರಿ ಬೇಕು, ಜೊತೆಗೆ ಹೊತ್ತಿಗೆ ಸರಿಯಾಗಿ ಕರೆಂಟು ಬಿಟ್ಟು ನಿಲ್ಲಿಸುವ ವೈರಿಂಗೂ ಬೇಕು. ಹಾಗಾಗಿ ದರಪಟ್ಟಿ ತೆರೆಯುವ ಮೊದಲು ಮೀಟರ್ ಬೀರು ತೆರೆಯಿರಿ.

ಇಲ್ಲಿ ಹೇಳಿದ್ದು ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗೆ. ಉತ್ತರ ಐರ್ಲೆಂಡಿನ ಮಾರುಕಟ್ಟೆ ಬೇರೆ.

1. ಮೀಟರ್ ಬೀರುವಿನಲ್ಲಿ ಏನಿದೆ ನೋಡಿ

ಒಂದು ಟಾರ್ಚು, ಫೋನಿನ ಕ್ಯಾಮೆರಾ ಸಾಕು. ಏನನ್ನೂ ಬಿಚ್ಚಬೇಡಿ, ಸುಮ್ನೆ ಫೋಟೊ ತೆಗೆಯಿರಿ.

ಮೊದಲು ಫ್ಯೂಸ್ ಬಾಕ್ಸ್ ಒಂದೋ ಎರಡೋ ಎಣಿಸಿ. ಸ್ಟೋರೇಜ್ ಹೀಟರ್ ಇರುವ ಹಳೇ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಇರುತ್ತವೆ. ಒಂದಕ್ಕೆ ದಿನವಿಡೀ ಕರೆಂಟು. ಇನ್ನೊಂದಕ್ಕೆ ರಾತ್ರಿ ಮಾತ್ರ, ಹೀಟರಿಗೂ ಇಮ್ಮರ್ಷನ್ನಿಗೂ ಅಂತ. ಈ ಎರಡನೆಯದನ್ನು ಹಚ್ಚಿ ಆರಿಸುವುದು ನೀವಲ್ಲ, ಮೀಟರಿನ ಬದಿಯ ಸ್ವಿಚ್ಚು. ಮೊದಲ ಫ್ಲಾಟಿನಲ್ಲಿ ಕೇಳಿಸುತ್ತಿದ್ದ ಟಕ್ ಸದ್ದು ಇದರದೇ.

ಆ ಸ್ವಿಚ್ಚು ಮೀಟರಿನ ಒಳಗೇ ಇರಬಹುದು. ಪಕ್ಕದಲ್ಲಿ ಗಡಿಯಾರವಿರುವ ಡಬ್ಬಿಯಾಗಿರಬಹುದು. ಅಥವಾ ರೇಡಿಯೊ ಟೆಲಿಸ್ವಿಚ್ ಅನ್ನುವ ಕಪ್ಪು ಡಬ್ಬಿಯಾಗಿರಬಹುದು. ಈ ಮೂರನೆಯದು ಇದ್ದರೆ ಬೇರೆ ಕೆಲಸ ಬಿಟ್ಟು ನಿಮಗೆ ಕರೆಂಟು ಮಾರುವ ಕಂಪನಿಗೆ ಫೋನ್ ಮಾಡಿ. ಬಿಬಿಸಿ ರೇಡಿಯೊ 4ರ ಲಾಂಗ್ ವೇವ್ ಪ್ರಸಾರದ ಜೊತೆಯಲ್ಲೇ, 198 ಕಿಲೋಹರ್ಟ್ಜ್‌ನಲ್ಲಿ, ಯಾರಿಗೂ ಕೇಳಿಸದ ಹಾಗೆ ಒಂದು ಸಂಕೇತ ಹೋಗುತ್ತಿತ್ತು. ಅದನ್ನು ಹಿಡಿದು ಈ ಡಬ್ಬಿಗಳು ಹೀಟರ್ ಹಚ್ಚುತ್ತಿದ್ದವು. ಸುದ್ದಿ ಕೇಳುವ ಅಲೆಯ ಮೇಲೇ ದೇಶದ ಹೀಟರುಗಳು ಕುಳಿತಿದ್ದವು, ಮಜವಾಗಿದೆ ಅಲ್ವಾ? ಆ ಸೇವೆಯನ್ನು 2025ರ ಜೂನ್ 30ರಿಂದ ಹಂತಹಂತವಾಗಿ ನಿಲ್ಲಿಸಲು ಶುರು ಮಾಡಿದರು. ಸಂಕೇತ ನಿಂತರೆ ಹೀಟರು ಹತ್ತದೇ ಇರಬಹುದು, ಆರದೇ ಇರಬಹುದು, ಹೊತ್ತಲ್ಲದ ಹೊತ್ತಿನಲ್ಲಿ ಹತ್ತಲೂಬಹುದು. ಅದರ ಬದಲಿಗೆ ಸ್ಮಾರ್ಟ್ ಮೀಟರ್, ಅಂದರೆ ರೀಡಿಂಗನ್ನು ತಾನೇ ಕಂಪನಿಗೆ ಕಳಿಸುವ ಮೀಟರ್, ಹಾಕಿಸಲೇಬೇಕು.

ಬಾಡಿಗೆ ಮನೆಯೇ? ಬಿಲ್ಲು ನೀವೇ ನೇರವಾಗಿ ಕಟ್ಟುತ್ತಿದ್ದರೆ ಕಂಪನಿಯನ್ನೂ ದರವನ್ನೂ ಆರಿಸುವ ಹಕ್ಕು ನಿಮ್ಮದು. ಮೀಟರ್ ಬದಲಿಸುವಾಗ ಮಾತ್ರ ಕರಾರು ಪತ್ರ ಓದಿ, ಮನೆ ಮಾಲೀಕರಿಗೆ ಒಂದು ಮಾತು ಹೇಳಿ.

2. ನಿಮ್ಮ ಅಗ್ಗದ ಗಂಟೆ ನಿಜವಾಗಿ ಯಾವಾಗ ಶುರು?

ಎಕಾನಮಿ 7 ಅಂದರೆ ಎಲ್ಲರಿಗೂ 12ರಿಂದ 7 ಅಲ್ಲ. ಊರಿಂದ ಊರಿಗೆ, ಮೀಟರಿನಿಂದ ಮೀಟರಿಗೆ ಬೇರೆ. ಇನ್ನೊಂದು ಗುಂಡಿಯಲ್ಲಿ ನಾನೇ ಬಿದ್ದಿದ್ದೇನೆ. ಇಲ್ಲಿ ಬೇಸಿಗೆಯಲ್ಲಿ ದೇಶದವರೆಲ್ಲ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ, ಆದರೆ ಹಳೇ ಮೀಟರುಗಳಲ್ಲಿ ತುಂಬ ಮೀಟರುಗಳು ಚಳಿಗಾಲದ ಹೊತ್ತಿನಲ್ಲೇ ಇರುತ್ತವೆ. ನಮ್ಮದರಲ್ಲಿ ಅಗ್ಗದ ಹೊತ್ತು ರಾತ್ರಿ 12:30ರಿಂದ 7:30. ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಗೋಡೆ ಗಡಿಯಾರದ ಪ್ರಕಾರ ಅದು 1:30ರಿಂದ 8:30. ನಾನೋ, ಕಾರಿನ ಟೈಮರನ್ನು 12:30ಕ್ಕೇ ಇಟ್ಟಿದ್ದೆ. 7.4 ಕಿಲೋವ್ಯಾಟ್ ಚಾರ್ಜರ್, ಮೊದಲ ಒಂದು ಗಂಟೆ ಪೂರ್ತಿ ಹಗಲಿನ ದರ. ಯೂನಿಟ್ಟಿಗೆ 15 ಪೆನ್ಸ್ ವ್ಯತ್ಯಾಸ ಅಂತ ಹಿಡಿದರೆ ರಾತ್ರಿಗೆ 1.11 ಪೌಂಡ್ ಜಾಸ್ತಿ. ವಾರಕ್ಕೆ ಮೂರು ಸಲದಂತೆ 30 ವಾರಕ್ಕೆ ಹತ್ತಿರ ಹತ್ತಿರ 100 ಪೌಂಡ್. ಯಾರನ್ನೂ ಬೈಯುವ ಹಾಗಿಲ್ಲ, ತಪ್ಪು ನನ್ನದೇ.

ಪರೀಕ್ಷೆ ಸುಲಭ. ಮೀಟರಿನಲ್ಲಿ ಎರಡು ಅಂಕಿ ಬರುತ್ತವೆ, ಒಂದು ಹಗಲಿನದು, ಒಂದು ರಾತ್ರಿಯದು. ಅಗ್ಗದ ಹೊತ್ತು ಶುರು ಅಂದುಕೊಂಡ ಗಂಟೆಯಲ್ಲಿ ಎರಡನ್ನೂ ಬರೆದುಕೊಳ್ಳಿ. ಕಾರನ್ನು ಅರ್ಧ ಗಂಟೆ ಚಾರ್ಜಿಗೆ ಹಾಕಿ. ಮತ್ತೆ ನೋಡಿ. ಯಾವುದು ಏರಿತೋ ಆಗ ನಡೆಯುತ್ತಿರುವುದು ಆ ದರ. ಹಾಗೇ ಬಿಲ್ಲಿನಲ್ಲಿ ಎರಡೂ ಅಂಕಿ ಅದಲುಬದಲು ಆಗಿಲ್ಲವೇ ನೋಡಿಕೊಳ್ಳಿ. ಹೀಟರಿರುವ ಮನೆಯಲ್ಲಿ ಜನವರಿ ತಿಂಗಳಲ್ಲಿ ಹಗಲಿನ ಯೂನಿಟ್ಟೇ ಜಾಸ್ತಿ ಅಂತ ಬಿಲ್ಲು ಹೇಳಿದರೆ ಅನುಮಾನ ಪಡಿ.

3. ಒಂದು ಚಳಿಗಾಲದ ದಿನದ ಲೆಕ್ಕ ಬರೆಯಿರಿ

ವರ್ಷದ ಒಟ್ಟು ಯೂನಿಟ್ ಬಿಲ್ಲಿನಲ್ಲಿ ಸಿಗುತ್ತದೆ. ಆದರೆ ಹೀಟರ್ ಇರುವವರಿಗೆ ಅದೊಂದೇ ಸಾಲದು. ಒಂದು ಚಳಿಗಾಲದ ದಿನ, ಒಂದು ಬೇಸಿಗೆಯ ದಿನ, ಎರಡನ್ನೂ ಬೇರೆ ಬೇರೆ ಬರೆಯಿರಿ. ಹಳೇ ನೋಟ್‌ಬುಕ್ಕಿನ ಒಂದು ಹಾಳೆ ಸಾಕು.

ಹೀಟರ್: ಪಕ್ಕದಲ್ಲೋ ಕೆಳಗೋ ಅಂಟಿಸಿದ ಚೀಟಿಯಲ್ಲಿ ಎಷ್ಟು ಕಿಲೋವ್ಯಾಟ್ ಅಂತ ಇರುತ್ತದೆ. 1.7, 2.55, 3.4 ಇವು ಹೆಚ್ಚಾಗಿ ಕಾಣುವ ಅಳತೆಗಳು. ಅದನ್ನು 7ರಿಂದ ಗುಣಿಸಿದರೆ ಪೂರ್ತಿ ರಾತ್ರಿ ಕಾದಾಗ ಎಷ್ಟು ಯೂನಿಟ್ ಅಂತ ಗೊತ್ತಾಗುತ್ತದೆ. ನಮ್ಮದು 1.7 ಒಂದು, 2.55 ಒಂದು. ಒಟ್ಟು 4.25, ಏಳು ಗಂಟೆಗೆ ಸುಮಾರು 30 ಯೂನಿಟ್. ಇದು ಕಡು ಚಳಿಯ ಲೆಕ್ಕ.

ಬಿಸಿನೀರು: ಇಮ್ಮರ್ಷನ್ 3 ಕಿಲೋವ್ಯಾಟ್, ಎರಡು ಗಂಟೆ, 6 ಯೂನಿಟ್.

ಕಾರು: ದಿನಕ್ಕೆ ಎಷ್ಟು ಮೈಲಿ ಓಡಿಸುತ್ತೀರೋ ಅದನ್ನು 3.5ರಿಂದ ಭಾಗಿಸಿ, ಒಂದು ಯೂನಿಟ್ಟಿಗೆ ಅಷ್ಟು ಮೈಲಿ ಅನ್ನುವ ಅಂದಾಜು. 28 ಮೈಲಿಗೆ 8 ಯೂನಿಟ್. ಚಳಿಯಲ್ಲಿ ಬ್ಯಾಟರಿ ಸ್ವಲ್ಪ ಜಾಸ್ತಿ ತಿನ್ನುತ್ತದೆ, 3ರಿಂದ ಭಾಗಿಸಿದರೂ ತಪ್ಪಿಲ್ಲ.

ಹಗಲಿನ ಖರ್ಚು: ಅಡುಗೆ, ಕೆಟಲ್, ಟಿವಿ, ಮಿಕ್ಸಿ ಎಲ್ಲ ಸೇರಿ 8 ಯೂನಿಟ್ ಅಂತಿಟ್ಟುಕೊಳ್ಳೋಣ.

ಒಟ್ಟು 52. ಅದರಲ್ಲಿ 44 ರಾತ್ರಿಗೆ ತಳ್ಳಬಹುದಾದ್ದು, 8 ಹಗಲಿಗೇ ಬೇಕಾದ್ದು.

ಲೆಕ್ಕ ಹಾಕುವ ಮೊದಲು ಹೀಟರಿನ ಎರಡು ತಿರುಗಣೆಗಳನ್ನು ಒಮ್ಮೆ ನೋಡಿ. ಒಂದು ಇನ್‌ಪುಟ್: ಇವತ್ತು ರಾತ್ರಿ ಎಷ್ಟು ಕಾಯಬೇಕು ಅಂತ. ಇನ್ನೊಂದು ಔಟ್‌ಪುಟ್: ಕಾವು ಎಷ್ಟು ಬೇಗ ಹೊರಬರಬೇಕು ಅಂತ. ಔಟ್‌ಪುಟ್ಟನ್ನು ಮಲಗುವ ಮೊದಲು ಪೂರ್ತಿ ಕೆಳಗಿಳಿಸಬೇಕು, ಮಾರನೆಯ ಸಂಜೆ ತೆರೆಯಬೇಕು. ನಾವು ಮೊದಲ ವರ್ಷ ಎರಡನ್ನೂ ಕೊನೆಯವರೆಗೆ ತಿರುಗಿಸಿ ಬಿಟ್ಟಿದ್ದೆವು. ಇಟ್ಟಿಗೆ ಒಂದು ಕಡೆಯಿಂದ ಕಾಯುತ್ತಿತ್ತು, ಇನ್ನೊಂದು ಕಡೆಯಿಂದ ಕಾವು ಓಡಿಹೋಗುತ್ತಿತ್ತು. ಬೆಳಿಗ್ಗೆ ಕಾವಲಿ, ಸಂಜೆ ಮಂಜು ಆಗಿದ್ದು ಅದಕ್ಕೇ. ಇದನ್ನು ಸರಿಮಾಡದೆ ದರ ಬದಲಿಸಿದರೆ ತೂತು ಕೊಡಕ್ಕೆ ನೀರು ಹೊತ್ತ ಹಾಗೆ.

4. ದರಗಳ ಜಾತಿ ಗುರುತಿಸಿ

ಹೆಸರು ಹತ್ತಾರು. ಜಾತಿ ನಾಲ್ಕೈದೇ.

ದಿನವಿಡೀ ಒಂದೇ ದರ. ಎಕಾನಮಿ 7. ಹಗಲಲ್ಲೂ ಒಂದಿಷ್ಟು ಸೇರಿ 10 ಗಂಟೆ ಅಗ್ಗ ಕೊಡುವ ಎಕಾನಮಿ 10, ಇದು ಈಗ ಹೊಸಬರಿಗೆ ಸಿಗುವುದು ಅಪರೂಪ. ಆಮೇಲೆ ಕಾರಿನವರಿಗೆಂದೇ ಮಾಡಿದ ದರಗಳು: ತುಂಬ ಅಗ್ಗ, ಆದರೆ ಗಂಟೆ ಕಡಿಮೆ. ನಾನು ಕೊನೆಯ ಸಲ ನೋಡಿದಾಗ ಆಕ್ಟೋಪಸ್ ಅನ್ನುವ ಕರೆಂಟು ಕಂಪನಿಯ ಆಕ್ಟೋಪಸ್ ಗೋ ದರ ರಾತ್ರಿ 12:30ರಿಂದ 5:30, ಐದು ಗಂಟೆ. ಇಂಟೆಲಿಜೆಂಟ್ ಆಕ್ಟೋಪಸ್ ಗೋ 11:30ರಿಂದ 5:30, ಆರು ಗಂಟೆ. ಎರಡನೆಯದರಲ್ಲಿ ಕಾರು ಯಾವಾಗ ಚಾರ್ಜ್ ಆಗಬೇಕು ಅನ್ನುವುದನ್ನು ಕಂಪನಿಯೇ ತೀರ್ಮಾನಿಸುತ್ತದೆ, ಅದಕ್ಕೆ ಒಪ್ಪುವ ಕಾರೋ ಚಾರ್ಜರೋ ನಿಮ್ಮಲ್ಲಿರಬೇಕು. ಇನ್ನು ಕೆಲವು ಕಂಪನಿಗಳು ಕಾರಿಗೆ ಹೋದ ಯೂನಿಟ್ಟಿಗೆ ಮಾತ್ರ ಅಗ್ಗದ ದರ ಹಾಕುತ್ತವೆ, ಮನೆಯ ಉಳಿದ ಕರೆಂಟಿಗೆ ಇಲ್ಲ. ಹೀಟರ್ ಇರುವವರು ಈ ಷರತ್ತನ್ನು ಎರಡು ಸಲ ಓದಬೇಕು. ನಿಮ್ಮ ದೊಡ್ಡ ಖರ್ಚು ಕಾರಲ್ಲ, ಇಟ್ಟಿಗೆ.

ಇನ್ನೊಂದು ಜಾತಿ ಹೀಟ್ ಪಂಪಿನವರಿಗೆ, ಅಂದರೆ ಹೊರಗಿನ ಕಾವನ್ನು ಎಳೆದು ಮನೆಯೊಳಗೆ ತರುವ ಯಂತ್ರ ಇರುವವರಿಗೆ, ಅಂತ ಬಂದದ್ದು. ಉದಾಹರಣೆಗೆ ಕೋಸಿ ಆಕ್ಟೋಪಸ್: ಬೆಳಗಿನ ಜಾವ 4ರಿಂದ 7, ಮಧ್ಯಾಹ್ನ 1ರಿಂದ 4, ರಾತ್ರಿ 10ರಿಂದ 12, ಒಟ್ಟು ಎಂಟು ಗಂಟೆ ಅಗ್ಗ. ಸಂಜೆ 4ರಿಂದ 7 ಮಾತ್ರ ಬೆಂಕಿಯಂಥ ದುಬಾರಿ ದರ. ಮಧ್ಯಾಹ್ನ ಇನ್ನೊಂದು ಸಲ ಕಾಯುವುದರಿಂದ ಸಂಜೆ ಚಳಿಯ ದೂರಿಗೆ ಇದು ಮದ್ದು. ಸಂಜೆ ಐದಕ್ಕೇ ಅಡುಗೆ ಶುರು ಮಾಡುವ ಮನೆಗೆ ಒಗ್ಗದು.

ಪ್ರತಿಯೊಂದಕ್ಕೂ ನಾಲ್ಕು ವಿಷಯ ಬರೆದುಕೊಳ್ಳಿ: ಅಗ್ಗದ ದರ, ಹಗಲಿನ ದರ, ಅಗ್ಗದ ಗಂಟೆಗಳು, ದಿನದ ಸ್ಟ್ಯಾಂಡಿಂಗ್ ಚಾರ್ಜ್ (ಕರೆಂಟು ಬಳಸಿದರೂ ಬಿಟ್ಟರೂ ದಿನಾ ಬೀಳುವ ನಿಗದಿ ಶುಲ್ಕ). ನಿಮ್ಮ ಪೋಸ್ಟ್‌ಕೋಡಿಗೆ ಬಂದ ದರವನ್ನೇ ಬರೆಯಿರಿ, ಲಂಡನ್ನಿನ ಗೆಳೆಯರದ್ದಲ್ಲ. ಪ್ರದೇಶದ ಮೇಲೆ ಬದಲಾಗುತ್ತದೆ. ಇಲ್ಲಿನ ಕರೆಂಟು, ಗ್ಯಾಸಿನ ನಿಯಂತ್ರಣ ಸಂಸ್ಥೆ ಆಫ್‌ಜೆಮ್ ಹಾಕುವ ಬೆಲೆ ಮಿತಿ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರಿನಲ್ಲಿ ಬದಲಾಗುವುದರಿಂದ ಎಲ್ಲವನ್ನೂ ಒಂದೇ ದಿನ ನೋಡಿ ಬರೆಯುವುದು ಒಳ್ಳೆಯದು.

5. ಈಗ ಕೂಡಿ ಕಳೆಯೋಣ

ಇಲ್ಲಿ ಹಾಕಿದ ದರಗಳು ಲೆಕ್ಕ ತೋರಿಸಲು ನಾನೇ ಹಿಡಿದವು. ನಿಮ್ಮವನ್ನು ಹಾಕಿಕೊಳ್ಳಿ. ಒಂದೇ ದರ: 26 ಪೆನ್ಸ್. ಎಕಾನಮಿ 7: ಹಗಲು 30, ರಾತ್ರಿ 15. ಕಾರಿನ ದರ: ಹಗಲು 29, ರಾತ್ರಿ ಐದು ಗಂಟೆ 8.

ಒಂದೇ ದರದಲ್ಲಿ ಚಳಿಗಾಲದ ದಿನಕ್ಕೆ 52 ಯೂನಿಟ್ 26ರಂತೆ 13.52 ಪೌಂಡ್.

ಎಕಾನಮಿ 7ರಲ್ಲಿ ರಾತ್ರಿಯ 44ಕ್ಕೆ 6.60, ಹಗಲಿನ 8ಕ್ಕೆ 2.40. ಒಟ್ಟು 9 ಪೌಂಡ್.

ಕಾರಿನ ದರದಲ್ಲಿ ಸ್ವಲ್ಪ ನಿಲ್ಲಿ. 44 ಯೂನಿಟ್ಟನ್ನೂ 8ರಿಂದ ಗುಣಿಸಿಬಿಡುವುದೇ ಎಲ್ಲರೂ ಮಾಡುವ ತಪ್ಪು. ಹೀಟರುಗಳು ಐದು ಗಂಟೆಯಲ್ಲಿ ಎಳೆಯಬಲ್ಲದ್ದು 4.25 ಗುಣಿಸು 5, ಅಂದರೆ 21.25 ಯೂನಿಟ್. ಉಳಿದ 8.75 ಯೂನಿಟ್ಟಿನ ಬಿಸಿ ಹಗಲಿನ ದರದಲ್ಲೇ ಬರಬೇಕು, ಇಲ್ಲವೇ ಸಂಜೆ ಶಾಲು ಹೊದ್ದು ಕೂರಬೇಕು. ರಾತ್ರಿ 21.25, 6, 8 ಸೇರಿ 35.25 ಯೂನಿಟ್, 2.82 ಪೌಂಡ್. ಹಗಲು 16.75 ಯೂನಿಟ್, 4.86 ಪೌಂಡ್. ಒಟ್ಟು 7.68. ಎರಡು ಗಂಟೆ ಕಳೆದುಕೊಂಡರೂ ಈ ದರದಲ್ಲಿ ಗೆಲುವು ಕಾರಿನ ದರದ್ದೇ.

ಆದರೆ ಹೀಟರಿಗೆ ಟೈಮರ್ ಇಲ್ಲದೆ ದಿನವಿಡೀ ಕರೆಂಟು ಹರಿಯುತ್ತಿದ್ದರೆ? ಹಳೇ ಹೀಟರಿಗೆ ದರ ಗೊತ್ತಿಲ್ಲ. ಇಟ್ಟಿಗೆ ತಣ್ಣಗಾದಾಗಲೆಲ್ಲ ಕಾಯಿಸಿಕೊಳ್ಳುತ್ತದೆ. ಆ 30 ಯೂನಿಟ್ 24 ಗಂಟೆಗೂ ಸಮನಾಗಿ ಹರಡಿತು ಅಂತಿಟ್ಟುಕೊಂಡರೆ ಅಗ್ಗದ ಹೊತ್ತಿಗೆ ಬೀಳುವುದು 6.25 ಮಾತ್ರ. ಆಗ ಒಟ್ಟು ಬಿಲ್ಲು 10.83 ಪೌಂಡ್. ಹಳೇ ಎಕಾನಮಿ 7ಕ್ಕಿಂತ ದಿನಕ್ಕೆ 1.83 ಜಾಸ್ತಿ! ದರ ಅದೇ 8 ಪೆನ್ಸ್, ಮನೆ ಅದೇ. ಒಂದು ಸ್ವಿಚ್ಚು ಮಾತ್ರ ಇಲ್ಲ.

ಬೇಸಿಗೆಯಲ್ಲಿ ಹೀಟರ್ ತೆಗೆದುಹಾಕಿ ಇದೇ ಲೆಕ್ಕ ಮಾಡಿದರೆ ಒಂದೇ ದರ 5.72, ಎಕಾನಮಿ 7 4.50, ಕಾರಿನ ದರ 3.44. ಇವುಗಳಿಗೆಲ್ಲ ಸ್ಟ್ಯಾಂಡಿಂಗ್ ಚಾರ್ಜ್ ಸೇರಿಸಿಕೊಳ್ಳಿ.

ಕಾರಿಲ್ಲದವರಿಗೆ ಪ್ರಶ್ನೆ ಒಂದೇ: ಎಕಾನಮಿ 7 ಬೇಕೋ ಬೇಡವೋ. ಅದಕ್ಕೆ ಸಣ್ಣ ಸೂತ್ರವಿದೆ. ಹಗಲಿನ ದರದಲ್ಲಿ ಒಂದೇ ದರವನ್ನು ಕಳೆಯಿರಿ: 30 ಕಳೆ 26, 4. ಹಗಲಿನ ದರದಲ್ಲಿ ರಾತ್ರಿ ದರ ಕಳೆಯಿರಿ: 15. ನಾಲ್ಕನ್ನು ಹದಿನೈದರಿಂದ ಭಾಗಿಸಿದರೆ 27 ಶೇಕಡ. ನಿಮ್ಮ ಒಟ್ಟು ಕರೆಂಟಿನಲ್ಲಿ ಅಷ್ಟಕ್ಕಿಂತ ಹೆಚ್ಚು ರಾತ್ರಿ ಹೊತ್ತು ಖರ್ಚಾಗುತ್ತಿದ್ದರೆ ಎಕಾನಮಿ 7 ಲಾಭ. ಹಿಂದಿನ ಬಾಡಿಗೆದಾರರ ಕಾಲದ ಎಕಾನಮಿ 7 ಮೀಟರ್ ಉಳಿದು, ಹೀಟರ್ ಮಾತ್ರ ಕಿತ್ತುಹಾಕಿರುವ ಫ್ಲಾಟುಗಳಿವೆ. ಅಲ್ಲಿರುವವರು ಸುಮ್ನೆ ಹಗಲಿನ ದುಬಾರಿ ದರ ಕಟ್ಟುತ್ತಿರುತ್ತಾರೆ.

6. ಫ್ಯೂಸ್ ತಡೆಯುತ್ತದೆಯೇ?

ಎಲ್ಲವನ್ನೂ ಅಗ್ಗದ ಹೊತ್ತಿಗೇ ತುರುಕಿದರೆ ಒಂದೇ ಗಂಟೆಯಲ್ಲಿ ಎಲ್ಲ ಒಟ್ಟಿಗೆ ಎಳೆಯುತ್ತವೆ. ನಮ್ಮ ಹೀಟರುಗಳು 18.5 ಆಂಪ್, ಇಮ್ಮರ್ಷನ್ 13, ಕಾರು 32. ಒಟ್ಟು 63.5. ಮನೆಯ ಮುಖ್ಯ ಫ್ಯೂಸ್ 60, 80 ಅಥವಾ 100 ಆಂಪ್ ಇರುತ್ತದೆ. 60 ಇದ್ದರೆ ಆಗಲೇ ಮೀರಿತು. 80 ಇದ್ದರೂ, ಊರಿಂದ ಬಂದ ತಾತ ರೂಢಿಯಂತೆ ಬೆಳಗಿನ ಜಾವ ಐದಕ್ಕೆ ಎದ್ದು ಎಲೆಕ್ಟ್ರಿಕ್ ಶವರ್ ತಿರುಗಿಸಿದರೆ? 9.5 ಕಿಲೋವ್ಯಾಟ್ ಶವರ್ ಒಂದೇ 41 ಆಂಪ್.

ಕಾರಿನ ಚಾರ್ಜರ್ ಹಾಕಿಸುವಾಗಲೇ ಎಲೆಕ್ಟ್ರಿಷಿಯನ್‌ಗೆ ಈ ಪಟ್ಟಿ ಕೊಡಿ. ಮನೆಯ ಒಟ್ಟು ಭಾರ ನೋಡಿ ಕಾರಿಗೆ ತಾನೇ ಕಡಿಮೆ ಮಾಡಿಕೊಳ್ಳುವ ಚಾರ್ಜರುಗಳಿವೆ, ಅಂಥದ್ದನ್ನೇ ಕೇಳಿ. ಮುಖ್ಯ ಫ್ಯೂಸ್ ಮುಟ್ಟುವ ಹಾಗಿಲ್ಲ, ಅದು ಆ ಭಾಗದ ನೆಟ್‌ವರ್ಕ್ ಕಂಪನಿಯ ಸೊತ್ತು.

7. ಒಪ್ಪಿಕೊಳ್ಳುವ ಮೊದಲು ಫೋನಿನಲ್ಲಿ ಕೇಳಬೇಕಾದ್ದು

ಕಾರಿನ ದರಗಳಿಗೆ ಅರ್ಧ ಗಂಟೆಗೊಮ್ಮೆ ಓದುವ ಸ್ಮಾರ್ಟ್ ಮೀಟರ್ ಬೇಕು. ಎರಡು ಫ್ಯೂಸ್ ಬಾಕ್ಸ್ ಇರುವ ಮನೆಗೆ ಐದು ಟರ್ಮಿನಲ್ (ವೈರ್ ಜೋಡಿಸುವ ಜಾಗ) ಇರುವ ಬಗೆಯದು ಬೇಕು. ಐದನೆಯದು ಹೀಟರಿನ ಬಾಕ್ಸಿಗೆ ಹೋಗುವ ಸ್ವಿಚ್ ವೈರಿಗೆ. ಮೀಟರ್ ಹಾಕಲು ಬರುವವರಿಗೆ ಇದು ಮೊದಲೇ ಗೊತ್ತಿರದಿದ್ದರೆ ನಾಲ್ಕು ಟರ್ಮಿನಲ್ಲಿನದು ಹಿಡಿದು ಬರುತ್ತಾರೆ. ಆಮೇಲೆ ಎರಡೂ ಬಾಕ್ಸನ್ನು ಒಂದೇ ಕಡೆ ಜೋಡಿಸಿದರೆ ಮೇಲೆ ಹೇಳಿದ 10.83ರ ಕಥೆಯೇ. ಮೊದಲ ಹೆಜ್ಜೆಯಲ್ಲಿ ತೆಗೆದ ಫೋಟೊ ಕಳಿಸಿ, "ನಮ್ಮಲ್ಲಿ ಸ್ಟೋರೇಜ್ ಹೀಟರಿಗೆ ಬೇರೆ ಸರ್ಕ್ಯೂಟ್ ಇದೆ, ಐದು ಟರ್ಮಿನಲ್ ಮೀಟರ್ ತರುತ್ತೀರಾ?" ಅಂತ ಕೇಳಿ. "ಆ ಸ್ವಿಚ್ಚು ಹೊಸ ದರದ ಗಂಟೆಗೆ ಹತ್ತುತ್ತದೋ, ಹಳೇ ಎಕಾನಮಿ 7ರ ಗಂಟೆಗೋ?" ಅನ್ನುವುದು ಎರಡನೆಯ ಪ್ರಶ್ನೆ. ಇದಕ್ಕೆ ತಡವರಿಸಿದರೆ ಬರಹದಲ್ಲಿ ಉತ್ತರ ಕೇಳಿ. ಸ್ವಿಚ್ಚು ಕೊಡಲು ಆಗಲ್ಲ ಅಂದರೆ, ಹೀಟರ್ ಸರ್ಕ್ಯೂಟಿಗೆ ಟೈಮರೂ, ಅದರ ಮಾತು ಕೇಳಿ ದೊಡ್ಡ ಕರೆಂಟನ್ನು ಬಿಟ್ಟು ನಿಲ್ಲಿಸುವ ಕಾಂಟ್ಯಾಕ್ಟರ್ ಸ್ವಿಚ್ಚೂ ಹಾಕಿಕೊಡುವ ಎಲೆಕ್ಟ್ರಿಷಿಯನ್‌ನನ್ನು ಮೊದಲು ಗೊತ್ತುಮಾಡಿ, ಆಮೇಲೆ ದರ ಬದಲಿಸಿ.

ಈಗಿನ ಕರಾರು ಮುರಿದರೆ ದಂಡ ಇದೆಯಾ ನೋಡಿ. ನಿಗದಿತ ಅವಧಿಯ ದರ ಮುಗಿಯಲು 49 ದಿನ ಉಳಿದಾಗಿನಿಂದ ದಂಡವಿಲ್ಲದೆ ಬಿಡಬಹುದು. ಹೊಸದಕ್ಕೆ ಸಹಿ ಹಾಕಿದ ಮೇಲೂ ಮನಸ್ಸು ಬದಲಿಸಲು 14 ದಿನ ಇರುತ್ತದೆ.

8. ಮೊದಲ ವಾರದ ಗ್ರಾಫ್ ನೋಡಿ

ಹೊಸ ದರ ಶುರುವಾದ ಮೇಲೆ ಕಾರಿನಲ್ಲೂ ಚಾರ್ಜರಿನಲ್ಲೂ ಎರಡು ಕಡೆ ಟೈಮರ್ ಇಡಬೇಡಿ, ಒಂದು ಇನ್ನೊಂದನ್ನು ತಡೆಯುತ್ತದೆ. 2022ರ ಜೂನ್ 30ರ ನಂತರ ಮಾರಿದ ಮನೆ ಚಾರ್ಜರುಗಳು ಹೇಳಿದ ಹೊತ್ತಿಗಿಂತ 10 ನಿಮಿಷದವರೆಗೆ ತಡವಾಗಿ ಶುರುವಾಗಬಹುದು. ಎಲ್ಲರ ಕಾರೂ ಒಂದೇ ಕ್ಷಣಕ್ಕೆ ಎಳೆಯಬಾರದು ಅಂತ ಕಾನೂನೇ ಹಾಗಿದೆ, ಕೆಟ್ಟಿದೆ ಅಂತ ಗಾಬರಿ ಬೇಡ.

ಆ್ಯಪಿನಲ್ಲಿ ಅರ್ಧ ಗಂಟೆಯ ಕಂಬಗಳಿರುವ ಗ್ರಾಫ್ ಇರುತ್ತದೆ. ರಾತ್ರಿ ಎತ್ತರದ ಕಂಬಗಳು, ಹಗಲು ಕುಳ್ಳ ಕಂಬಗಳು ಇರಬೇಕು. ನಮ್ಮ ಮನೆಯ ಮೊದಲ ವಾರದ ಗ್ರಾಫಿನಲ್ಲಿ ರಾತ್ರಿ ಎಲ್ಲ ಸರಿಯಿತ್ತು. ಆದರೆ ದಿನಾ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಾಲ್ಕು ಗೂಟಗಳು ಎದ್ದು ನಿಂತಿದ್ದವು, ಒಂದೊಂದೂ ಒಂದೂವರೆ ಯೂನಿಟ್. ಮನೆಯಲ್ಲಿ ಆ ಹೊತ್ತಿಗೆ ಯಾರೂ ಇರುವುದಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಬಿಸಿನೀರಿನ ಟ್ಯಾಂಕಿನ ಬೀರು ತೆರೆದೆ. ಹಳೇ ಚಕ್ರದ ಟೈಮರು, ಯಾವಾಗಲೋ ತಿರುಗಿಸಿದ್ದು, ಸರಿಯಾಗಿ 12 ಗಂಟೆ ಆಚೀಚೆ ಇತ್ತು. ಮಧ್ಯಾಹ್ನದ ಎರಡನ್ನು ಅದು ಬೆಳಗಿನ ಜಾವದ ಎರಡು ಅಂತ ತಿಳಿದು ನೀರು ಕಾಯಿಸುತ್ತಿತ್ತು.